ಸ್ಕೇಲ್ ಮಾದರಿ ಕಾರುಗಳ ನಿರ್ಮಾಣ ಮತ್ತು ಬಣ್ಣಗಾರಿಕೆ

ಸ್ಕೇಲ್ ಮಾದರಿ ಕಾರು ಎಂಬುದು ನೈಜ ಕಾರೊಂದರ ಉದ್ದ, ಅಗಲ ಮತ್ತು ಎತ್ತರಗಳನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸಿ ತಯಾರಿಸಲಾದ ಪ್ರತಿಕೃತಿ. ಕಾರ್ಖಾನೆಯಲ್ಲಿಯೇ ಪೂರ್ಣಗೊಂಡು ಬರುವ ಲೋಹದ ಆಟಿಕೆ ಕಾರುಗಳು ಒಂದು ಬಗೆಯಾದರೆ, ಬಿಡಿಭಾಗಗಳ ಕಿಟ್ ರೂಪದಲ್ಲಿ ದೊರೆಯುವ ಮಾದರಿಗಳು ಇನ್ನೊಂದು ಬಗೆ. ಕಿಟ್‌ನ ಬಿಡಿಭಾಗಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಸಿಂಪಡಿಸಿ ಪೂರ್ಣಗೊಳಿಸುವುದು 20ನೆಯ ಶತಮಾನದ ಮಧ್ಯಭಾಗದಿಂದ ಅಮೆರಿಕ, ಜಪಾನ್ ಮತ್ತು ಯುರೋಪಿನ ದೇಶಗಳಲ್ಲಿ ಬೆಳೆದು, ಬಳಿಕ ಇತರೆಡೆಗೂ ಹರಡಿದ ಹವ್ಯಾಸವಾಗಿದೆ.

ಯುದ್ಧ ವಿಮಾನ, ಟ್ಯಾಂಕ್ ಮುಂತಾದ ಮಾದರಿಗಳಿಗೆ ಸಾಮಾನ್ಯವಾಗಿ ಹೊಳಪಿಲ್ಲದ ಬಣ್ಣ ಬಳಿಯಲಾಗುತ್ತದೆ. ಅಲ್ಲಿ ಮೇಲ್ಮೈಯ ಸಣ್ಣಪುಟ್ಟ ದೋಷಗಳು ಮರೆಯಾಗುತ್ತವೆ. ಕಾರಿನ ಹೊರಮೈ ಕನ್ನಡಿಯಂತೆ ಬೆಳಕನ್ನು ಪ್ರತಿಫಲಿಸುವುದರಿಂದ ಒಂದು ಗೀರು, ಒಂದು ಧೂಳಿನ ಕಣ ಅಥವಾ ಸರಿಯಾಗಿ ಉಜ್ಜದ ಒಂದು ಅಂಚು ಕೂಡ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಕಾರು ಮಾದರಿಗಳ ನಿರ್ಮಾಣದಲ್ಲಿ ಬಣ್ಣಗಾರಿಕೆಗೆ ಜೋಡಣೆಗಿಂತಲೂ ಹೆಚ್ಚಿನ ಮಹತ್ವವಿದೆ.

ಅಳತೆಯ ಪ್ರಮಾಣಗಳು

ಮಾದರಿಯ ಅಳತೆಯನ್ನು ಅನುಪಾತದ ರೂಪದಲ್ಲಿ ಸೂಚಿಸಲಾಗುತ್ತದೆ. 1:24 ಎಂದರೆ ನೈಜ ಕಾರಿನ 24 ಮಿ.ಮೀ. ಉದ್ದವು ಮಾದರಿಯಲ್ಲಿ 1 ಮಿ.ಮೀ. ಆಗಿರುತ್ತದೆ. 4.5 ಮೀಟರ್ ಉದ್ದದ ಕಾರೊಂದು ಬೇರೆ ಬೇರೆ ಪ್ರಮಾಣಗಳಲ್ಲಿ ಈ ಕೆಳಗಿನಂತೆ ಇರುತ್ತದೆ:

1:12 – 37.5 ಸೆಂ.ಮೀ. ದೊಡ್ಡ ಗಾತ್ರದ, ಅತಿ ಹೆಚ್ಚು ವಿವರಗಳುಳ್ಳ ಕಿಟ್‌ಗಳು.
1:18 – 25 ಸೆಂ.ಮೀ. ಸಿದ್ಧರೂಪದ ಲೋಹದ ಸಂಗ್ರಹಯೋಗ್ಯ ಮಾದರಿಗಳಲ್ಲಿ ಹೆಚ್ಚು ಬಳಕೆ.
1:20 – 22.5 ಸೆಂ.ಮೀ. ಫಾರ್ಮುಲಾ ಒನ್ ಕಾರುಗಳ ಕಿಟ್‌ಗಳಲ್ಲಿ ರೂಢಿ.
1:24 – ಸುಮಾರು 18.8 ಸೆಂ.ಮೀ. ಜಪಾನ್ ಮತ್ತು ಯುರೋಪಿನ ಕಿಟ್‌ಗಳ ಸಾಮಾನ್ಯ ಪ್ರಮಾಣ.
1:25 – 18 ಸೆಂ.ಮೀ. ಅಮೆರಿಕದ ಕಿಟ್‌ಗಳ ಸಾಂಪ್ರದಾಯಿಕ ಪ್ರಮಾಣ.
1:43 – ಸುಮಾರು 10.5 ಸೆಂ.ಮೀ. ಯುರೋಪಿನ ಸಂಗ್ರಾಹಕರಲ್ಲಿ ಜನಪ್ರಿಯ.

ಈ ಪೈಕಿ 1:43ರ ಮೂಲ ರೈಲು ಮಾದರಿಗಳಲ್ಲಿದೆ. ಬ್ರಿಟನ್ನಿನ 'ಓ' ಗೇಜ್ ರೈಲು ಮಾದರಿಗಳಲ್ಲಿ ಒಂದು ಅಡಿಗೆ 7 ಮಿ.ಮೀ. ಎಂಬ ಲೆಕ್ಕವಿದ್ದು, ಅದು 1:43.5ಕ್ಕೆ ಸಮನಾಗುತ್ತದೆ. ಆ ರೈಲುಗಳ ಪಕ್ಕದಲ್ಲಿ ನಿಲ್ಲಿಸಲು ತಯಾರಾದ ಪುಟ್ಟ ವಾಹನಗಳಿಂದ ಈ ಪ್ರಮಾಣವು ಕಾರು ಮಾದರಿಗಳಿಗೆ ಬಂದಿತು.

ಉದ್ದವು 24ರಲ್ಲಿ ಒಂದು ಪಾಲಾದಾಗ ಮೇಲ್ಮೈಯ ವಿಸ್ತೀರ್ಣವು 576ರಲ್ಲಿ ಒಂದು ಪಾಲಿಗೂ, ಘನ ಗಾತ್ರವು 13,824ರಲ್ಲಿ ಒಂದು ಪಾಲಿಗೂ ಇಳಿಯುತ್ತದೆ. ಅಂದರೆ ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ವಸ್ತುಗಳ ಭೌತಿಕ ಲಕ್ಷಣಗಳು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಬಣ್ಣದ ವಿಷಯದಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ತೋರುತ್ತದೆ.

ಇತಿಹಾಸ

ಪ್ಲಾಸ್ಟಿಕ್ ಕಿಟ್‌ಗಳು ಬರುವ ಮೊದಲು ಮಾದರಿ ಕಾರುಗಳನ್ನು ಮರ, ತಗಡು ಮತ್ತು ಪ್ಲಾಸ್ಟರಿನಿಂದ ಕೈಯಾರೆ ತಯಾರಿಸಲಾಗುತ್ತಿತ್ತು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಅಂಗವಾದ ಫಿಶರ್ ಬಾಡಿ 1930ರಲ್ಲಿ 'ಫಿಶರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್' ಎಂಬ ಸ್ಪರ್ಧೆಯನ್ನು ಆರಂಭಿಸಿತು. ಮೊದಲಿಗೆ ರಾಜವೈಭವದ ಕುದುರೆ ಗಾಡಿಯ ಮಾದರಿಯನ್ನು ರಚಿಸಬೇಕಿದ್ದ ಈ ಸ್ಪರ್ಧೆಯಲ್ಲಿ ಮುಂದೆ ಸ್ವಂತ ವಿನ್ಯಾಸದ ಮಾದರಿ ಕಾರುಗಳಿಗೂ ಅವಕಾಶ ದೊರೆಯಿತು. ವಿಜೇತ ಹುಡುಗರಿಗೆ ಕಾಲೇಜು ವಿದ್ಯಾರ್ಥಿವೇತನ ನೀಡಲಾಗುತ್ತಿತ್ತು. 1947ರ ವಿಜೇತರಾದ ಚಾರ್ಲ್ಸ್ ಜೋರ್ಡನ್ ಮುಂದೆ ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಉಪಾಧ್ಯಕ್ಷರಾದರು. ಈ ಸ್ಪರ್ಧೆ 1968ರವರೆಗೆ ನಡೆಯಿತು.

ಎರಡನೆಯ ಮಹಾಯುದ್ಧದ ಬಳಿಕ ಪ್ಲಾಸ್ಟಿಕ್ಕನ್ನು ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬುವ ವಿಧಾನವು ವ್ಯಾಪಕವಾಯಿತು. 1948ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಆರಂಭವಾದ ಎ.ಎಂ.ಟಿ. ಸಂಸ್ಥೆಯು ಕಾರು ಮಾರಾಟಗಾರರಿಗಾಗಿ ಹೊಸ ಕಾರುಗಳ ಪುಟ್ಟ ಪ್ರಚಾರ ಮಾದರಿಗಳನ್ನು ತಯಾರಿಸಿತು. ಮಾರಾಟ ಮಳಿಗೆಗಳಲ್ಲಿ ಗ್ರಾಹಕರ ಮಕ್ಕಳ ಕೈಸೇರುತ್ತಿದ್ದ ಈ 1:25 ಮಾದರಿಗಳೇ ಅಮೆರಿಕದ ಕಿಟ್‌ಗಳಿಗೆ ಆ ಪ್ರಮಾಣವನ್ನು ಒದಗಿಸಿದವು. 1958ರಲ್ಲಿ ಎ.ಎಂ.ಟಿ. 'ತ್ರೀ ಇನ್ ಒನ್' ಕಿಟ್‌ಗಳನ್ನು ಹೊರತಂದಿತು. ಒಂದೇ ಪೆಟ್ಟಿಗೆಯ ಭಾಗಗಳಿಂದ ಕಾರನ್ನು ಮೂಲರೂಪದಲ್ಲಿ, ಮಾರ್ಪಡಿಸಿದ ರೂಪದಲ್ಲಿ ಅಥವಾ ಓಟದ ಕಾರಿನ ರೂಪದಲ್ಲಿ ಜೋಡಿಸಬಹುದಾಗಿತ್ತು. ನೈಜ ಕಾರುಗಳನ್ನು ಮಾರ್ಪಡಿಸುವ ಕಲೆಗೆ ಹೆಸರಾಗಿದ್ದ ಜಾರ್ಜ್ ಬ್ಯಾರಿಸ್, ಎಡ್ ರಾತ್ ಮುಂತಾದವರ ವಿನ್ಯಾಸಗಳೂ ಕಿಟ್ ರೂಪದಲ್ಲಿ ಬಂದವು. ರೆವೆಲ್, ಮೊನೊಗ್ರಾಮ್, ಎಂ.ಪಿ.ಸಿ., ಜೋ-ಹಾನ್ ಆ ಕಾಲದ ಇತರ ಪ್ರಮುಖ ತಯಾರಕ ಸಂಸ್ಥೆಗಳು.

ಜಪಾನಿನಲ್ಲಿ ಶಿಜುವೋಕಾ ನಗರವು ಈ ಉದ್ಯಮದ ಕೇಂದ್ರವಾಗಿದೆ. 1946ರಲ್ಲಿ ಮರದ ವ್ಯಾಪಾರದಿಂದ ಆರಂಭಗೊಂಡ ಟಮಿಯಾ ಸಂಸ್ಥೆ 1960ರಲ್ಲಿ ಪ್ಲಾಸ್ಟಿಕ್ ಕಿಟ್‌ಗಳ ತಯಾರಿಕೆಗೆ ಇಳಿಯಿತು. 1967ರಲ್ಲಿ ಅದು 1:12 ಪ್ರಮಾಣದ ಹೋಂಡಾ ಫಾರ್ಮುಲಾ ಒನ್ ಕಾರಿನ ಕಿಟ್ಟನ್ನು ಬಿಡುಗಡೆ ಮಾಡಿತು. ಹಸೆಗಾವ, ಅವೋಶಿಮಾ ಮತ್ತು ಫುಜಿಮಿ ಸಂಸ್ಥೆಗಳೂ ಶಿಜುವೋಕಾದವೇ. ಬ್ರಿಟನ್ನಿನ ಏರ್‌ಫಿಕ್ಸ್, ಫ್ರಾನ್ಸಿನ ಹೆಲ್ಲರ್ ಮತ್ತು ಇಟಲಿಯ ಇಟಲೇರಿ ಯುರೋಪಿನ ಪರಿಚಿತ ಹೆಸರುಗಳು.

ಕಿಟ್‌ನ ಸ್ವರೂಪ

ಬಹುತೇಕ ಕಿಟ್‌ಗಳ ಭಾಗಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನಿಂದ ತಯಾರಾಗಿರುತ್ತವೆ. ಅಚ್ಚಿನೊಳಗೆ ಪ್ಲಾಸ್ಟಿಕ್ ಹರಿದುಹೋದ ಕಾಲುವೆಗಳು ಗಟ್ಟಿಯಾಗಿ ಒಂದು ಚೌಕಟ್ಟಿನಂತಾಗಿದ್ದು, ಭಾಗಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಈ ಚೌಕಟ್ಟನ್ನು ಸ್ಪ್ರೂ ಎನ್ನಲಾಗುತ್ತದೆ. ಪ್ರತಿಯೊಂದು ಭಾಗಕ್ಕೂ ಸಂಖ್ಯೆಯಿದ್ದು, ಅದನ್ನು ಸೂಚನಾ ಪುಸ್ತಿಕೆಯ ಚಿತ್ರಗಳೊಂದಿಗೆ ಹೊಂದಿಸಿಕೊಳ್ಳಬೇಕು. ಗಾಜುಗಳಿಗೆ ಪಾರದರ್ಶಕ ಭಾಗಗಳು, ಬಂಪರ್ ಮುಂತಾದವುಗಳಿಗೆ ಲೋಹಲೇಪಿತ ಭಾಗಗಳು, ರಬ್ಬರ್ ಅಥವಾ ಮೃದು ವಿನೈಲ್ ಟಯರುಗಳು ಮತ್ತು ನೀರಿನಲ್ಲಿ ನೆನೆಸಿ ಅಂಟಿಸುವ ಡಿಕಾಲ್ ಹಾಳೆಗಳು ಕಿಟ್‌ನಲ್ಲಿರುತ್ತವೆ.

ಅಚ್ಚಿನಿಂದ ಬಂದ ಭಾಗಗಳಲ್ಲಿ ಕೆಲವು ಸಹಜ ಕುಂದುಗಳಿರುತ್ತವೆ. ಅಚ್ಚಿನ ತುಂಡುಗಳು ಕೂಡುವಲ್ಲಿ ತೆಳುವಾದ ಗೆರೆಯೊಂದು ಉಳಿಯುತ್ತದೆ. ಕಾರಿನ ಹೊರಮೈಯಲ್ಲಿ ಈ ಗೆರೆ ಮಡ್‌ಗಾರ್ಡುಗಳ ಮೇಲೂ ಛಾವಣಿಯ ಅಂಚಿನಲ್ಲೂ ಸಾಗುವುದುಂಟು. ದಪ್ಪ ಭಾಗಗಳು ತಣಿಯುವಾಗ ಒಳಕ್ಕೆ ಕುಸಿದು ಸಣ್ಣ ಗುಳಿಗಳಾಗುತ್ತವೆ. ಭಾಗಗಳನ್ನು ಅಚ್ಚಿನಿಂದ ಹೊರದೂಡುವ ಕಡ್ಡಿಗಳು ವೃತ್ತಾಕಾರದ ಗುರುತುಗಳನ್ನು ಬಿಡುತ್ತವೆ. ಬಣ್ಣ ಹಚ್ಚುವ ಮೊದಲೇ ಇವನ್ನೆಲ್ಲ ಸರಿಪಡಿಸಬೇಕಾಗುತ್ತದೆ. ಹೊಳೆಯುವ ಬಣ್ಣವು ಇಂತಹ ಕುಂದುಗಳನ್ನು ಮುಚ್ಚುವ ಬದಲು ಎತ್ತಿ ತೋರಿಸುತ್ತದೆ.

ಪ್ಲಾಸ್ಟಿಕ್ ಅಲ್ಲದೆ ರೆಸಿನ್ ಮತ್ತು ವೈಟ್ ಮೆಟಲ್ ಎಂಬ ಮೃದು ಮಿಶ್ರಲೋಹದ ಕಿಟ್‌ಗಳೂ ಇವೆ. ಉಕ್ಕಿನ ಅಚ್ಚಿಗೆ ಅಪಾರ ವೆಚ್ಚ ತಗಲುವುದರಿಂದ, ಕಡಿಮೆ ಸಂಖ್ಯೆಯಲ್ಲಿ ಮಾರಾಟವಾಗುವ ಅಪರೂಪದ ಕಾರುಗಳನ್ನು ರಬ್ಬರ್ ಅಚ್ಚುಗಳಲ್ಲಿ ಎರಕ ಹೊಯ್ದು ತಯಾರಿಸಲಾಗುತ್ತದೆ. ಇತ್ತೀಚೆಗೆ ರೆಸಿನ್ ಬಳಸುವ 3ಡಿ ಮುದ್ರಣ ಯಂತ್ರಗಳಿಂದ ಹವ್ಯಾಸಿಗಳೇ ಚಕ್ರ, ಎಂಜಿನ್, ಆಸನ ಮುಂತಾದ ಭಾಗಗಳನ್ನು ಮನೆಯಲ್ಲಿ ಸಿದ್ಧಪಡಿಸಿಕೊಳ್ಳುವುದು ಸಾಧ್ಯವಾಗಿದೆ.

ಉಪಕರಣಗಳು ಮತ್ತು ಅಂಟುಗಳು

ಆರಂಭಿಕರಿಗೆ ಬೇಕಾಗುವ ಉಪಕರಣಗಳು ಹೆಚ್ಚಿಲ್ಲ. ಭಾಗಗಳನ್ನು ಬಿಡಿಸಲು ಚೂಪು ತುದಿಯ ಕಟರ್, ಅಂಚು ಸವರಲು ಹರಿತವಾದ ಚಾಕು, ಸಣ್ಣ ಅರಗಳು, ಚಿಮಟ, 400ರಿಂದ 2000ರವರೆಗಿನ ಸಂಖ್ಯೆಯ ಮರಳು ಕಾಗದಗಳು ಮತ್ತು ಮರೆಮಾಚುವ ಟೇಪು ಸಾಕಾಗುತ್ತವೆ. ಮರಳು ಕಾಗದದ ಸಂಖ್ಯೆ ಹೆಚ್ಚಿದಂತೆ ಅದರ ಕಣಗಳು ನಯವಾಗುತ್ತವೆ.

ಪಾಲಿಸ್ಟೈರೀನಿಗೆ ಬಳಸುವ ಅಂಟು ಸಾಮಾನ್ಯ ಗೋಂದಿನಂತೆ ಎರಡು ಭಾಗಗಳ ನಡುವೆ ಪದರವಾಗಿ ನಿಲ್ಲುವುದಿಲ್ಲ. ಅದರಲ್ಲಿರುವ ದ್ರಾವಕವು ಎರಡೂ ಭಾಗಗಳ ಮೇಲ್ಮೈಯನ್ನು ಕ್ಷಣಕಾಲ ಕರಗಿಸುತ್ತದೆ. ದ್ರಾವಕ ಆರಿದಾಗ ಎರಡೂ ಭಾಗಗಳು ಬೆಸುಗೆ ಹಾಕಿದಂತೆ ಒಂದಾಗುತ್ತವೆ. ಈ ಕಾರಣದಿಂದ ಬಣ್ಣ ಹಚ್ಚಿದ ಅಥವಾ ಲೋಹಲೇಪಿತ ಮೇಲ್ಮೈಗಳು ಈ ಅಂಟಿನಿಂದ ಸರಿಯಾಗಿ ಕೂಡುವುದಿಲ್ಲ. ಕೂಡುವ ಜಾಗದ ಲೇಪವನ್ನು ಮೊದಲು ಕೆರೆದು ತೆಗೆಯಬೇಕು. ರೆಸಿನ್ ಮತ್ತು ಲೋಹದ ಭಾಗಗಳಿಗೆ ಸಯನೊಅಕ್ರಿಲೇಟ್ ಎಂಬ ಕ್ಷಿಪ್ರ ಅಂಟು ಅಥವಾ ಎಪಾಕ್ಸಿ ಬೇಕಾಗುತ್ತದೆ. ಕ್ಷಿಪ್ರ ಅಂಟಿನ ಆವಿಯು ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಂಜಿನಂತೆ ಕೂರುವುದರಿಂದ, ಗಾಜುಗಳನ್ನು ಕೂರಿಸಲು ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಗೋಂದನ್ನು ಬಳಸಲಾಗುತ್ತದೆ.

ಜೋಡಣೆಯ ಹಂತಗಳು

ಕಾರು ಮಾದರಿಯ ಕೆಲಸವನ್ನು ಸಾಮಾನ್ಯವಾಗಿ ಹೊರಮೈ, ಒಳಾಂಗಣ, ಎಂಜಿನ್ ಮತ್ತು ಚಾಸಿ ಎಂದು ವಿಂಗಡಿಸಿಕೊಳ್ಳಲಾಗುತ್ತದೆ. ಹೊರಮೈಯ ಬಣ್ಣ ಪೂರ್ಣವಾಗಿ ಗಟ್ಟಿಯಾಗಲು ಹಲವು ದಿನಗಳು ಹಿಡಿಯುತ್ತವೆ. ಆದ್ದರಿಂದ ಸೂಚನಾ ಪುಸ್ತಿಕೆಯಲ್ಲಿ ಅದು ಕೊನೆಯಲ್ಲಿದ್ದರೂ ಅನುಭವಿಗಳು ಹೊರಮೈಯಿಂದಲೇ ಕೆಲಸ ಆರಂಭಿಸುತ್ತಾರೆ.

ಮೊದಲು ಅಂಟು ಹಾಕದೆ ಹೊರಮೈ, ಚಾಸಿ ಮತ್ತು ಒಳಾಂಗಣಗಳನ್ನು ಒಂದಕ್ಕೊಂದು ಹೊಂದಿಸಿ ನೋಡಲಾಗುತ್ತದೆ. ಚಕ್ರಗಳು ನೆಲಕ್ಕೆ ಸಮನಾಗಿ ತಾಗುತ್ತವೆಯೇ, ಮುಂಭಾಗದ ಬಾನೆಟ್ ಸರಿಯಾಗಿ ಕೂರುತ್ತದೆಯೇ ಎಂಬುದನ್ನು ಬಣ್ಣ ಹಚ್ಚುವ ಮೊದಲೇ ತಿಳಿಯುವುದು ಇದರ ಉದ್ದೇಶ. ಬಳಿಕ ಅಚ್ಚಿನ ಗೆರೆಗಳನ್ನು ಚಾಕುವಿನಿಂದ ಕೆರೆದು, ಮರಳು ಕಾಗದದಿಂದ ಉಜ್ಜಿ ತೆಗೆಯಲಾಗುತ್ತದೆ. ಗುಳಿಗಳಿಗೆ ಪಟ್ಟಿ ತುಂಬಿ, ಒಣಗಿದ ಮೇಲೆ ಸಮಗೊಳಿಸಲಾಗುತ್ತದೆ. ಬಾಗಿಲು ಮತ್ತು ಬಾನೆಟ್ಟಿನ ಅಂಚನ್ನು ಸೂಚಿಸುವ ಗೆರೆಗಳನ್ನು ಚೂಪಾದ ಉಪಕರಣದಿಂದ ಸ್ವಲ್ಪ ಆಳಗೊಳಿಸಲಾಗುತ್ತದೆ. ಕೊನೆಯಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಹೊರಮೈಯನ್ನು ತೊಳೆದು, ಬೆರಳಿನ ಜಿಡ್ಡು ಮತ್ತು ಅಚ್ಚಿನಿಂದ ಬಂದ ಎಣ್ಣೆಯ ಅಂಶವನ್ನು ಹೋಗಲಾಡಿಸಲಾಗುತ್ತದೆ.

ಬಣ್ಣದ ದಪ್ಪ ಮತ್ತು ಪ್ರಮಾಣ

ಕಾರನ್ನು ಕುಗ್ಗಿಸಬಹುದಾದರೂ ಬಣ್ಣವನ್ನು ಕುಗ್ಗಿಸಲಾಗದು. ನೈಜ ಕಾರಿನ ಮೇಲಿನ ಬಣ್ಣದ ಪದರಗಳ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. 1:24 ಪ್ರಮಾಣದಲ್ಲಿ ಇದು 4ರಿಂದ 6 ಮೈಕ್ರಾನ್ ಆಗಬೇಕು. ಪ್ರೈಮರ್, ಬಣ್ಣ ಮತ್ತು ಪಾರದರ್ಶಕ ಲೇಪಗಳನ್ನು ಇಷ್ಟು ತೆಳುವಾಗಿ ಹಚ್ಚುವುದು ಕಾರ್ಯತಃ ಅಸಾಧ್ಯ. ನೈಜ ಕಾರಿನ ಬಾಗಿಲ ಅಂಚಿನ 4 ಮಿ.ಮೀ. ಸಂದು ಮಾದರಿಯಲ್ಲಿ ಕೇವಲ 0.17 ಮಿ.ಮೀ. ಆಗಿರುತ್ತದೆ. ದಪ್ಪನೆಯ ಎರಡು ಮೂರು ಪದರಗಳೇ ಅದನ್ನು ಮುಚ್ಚಿಬಿಡಬಲ್ಲವು. ಬಣ್ಣದಲ್ಲಿ ಸಿಕ್ಕಿಕೊಂಡ 70 ಮೈಕ್ರಾನ್ ದಪ್ಪದ ಒಂದು ಕೂದಲೆಳೆ, ನೈಜ ಕಾರಿನ ಮೇಲೆ ಸುಮಾರು 1.7 ಮಿ.ಮೀ. ದಪ್ಪದ ತಂತಿ ಬಿದ್ದಂತೆ ಕಾಣುತ್ತದೆ.

ಮೆಟಾಲಿಕ್ ಬಣ್ಣಗಳಲ್ಲಿಯೂ ಇದೇ ಸಮಸ್ಯೆಯಿದೆ. ನೈಜ ಕಾರಿಗೆ ತಯಾರಾದ ಬಣ್ಣದ ಅಲ್ಯೂಮಿನಿಯಂ ಚೂರುಗಳು ಮಾದರಿಯ ಮೇಲೆ ದೊಡ್ಡ ಮಿನುಗುಗಳಾಗಿ ತೋರುತ್ತವೆ. ಆದ್ದರಿಂದ ಮಾದರಿಗಳಿಗೆ ಅತಿ ಸಣ್ಣ ಚೂರುಗಳುಳ್ಳ ಬಣ್ಣಗಳನ್ನು ಪ್ರತ್ಯೇಕವಾಗಿ ತಯಾರಿಸಲಾಗುತ್ತದೆ. ಕುಂಚದ ಬದಲು ಸಿಂಪಡಣೆಯನ್ನು ಆಯ್ದುಕೊಳ್ಳಲು, ಒಂದು ದಪ್ಪ ಪದರದ ಬದಲು ಹಲವು ತೆಳು ಪದರಗಳನ್ನು ಹಚ್ಚಲು ಮತ್ತು ಸಂದುಗಳನ್ನು ಮೊದಲೇ ಆಳಗೊಳಿಸಲು ಈ ಅಳತೆಯ ವ್ಯತ್ಯಾಸವೇ ಮೂಲ ಕಾರಣ.

ಬಣ್ಣಗಳ ವಿಧಗಳು

ಲ್ಯಾಕರ್: ಇದರ ದ್ರಾವಕಗಳು ಬೇಗನೆ ಆವಿಯಾಗುವುದರಿಂದ ಬಣ್ಣ ಶೀಘ್ರವಾಗಿ ಒಣಗುತ್ತದೆ, ಪದರ ತೆಳುವಾಗಿ ಮತ್ತು ಗಟ್ಟಿಯಾಗಿ ಕೂರುತ್ತದೆ. ಹೊಸ ಪದರವು ಹಳೆಯ ಪದರವನ್ನು ಸ್ವಲ್ಪ ಕರಗಿಸಿ ಅದರೊಡನೆ ಬೆರೆಯುತ್ತದೆ. ಕಾರು ಮಾದರಿಗಳಿಗೆ ಹೆಚ್ಚು ಬಳಕೆಯಲ್ಲಿರುವುದು ಇದೇ. ಇದರ ಆವಿ ತೀಕ್ಷ್ಣವಾದುದು.

ಎನಾಮಲ್: ನಿಧಾನವಾಗಿ ಒಣಗುತ್ತದೆ. ದ್ರಾವಕ ಆರಿದ ಬಳಿಕವೂ ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಗಟ್ಟಿಯಾಗುವ ಕ್ರಿಯೆ ಹಲವು ದಿನ ಮುಂದುವರಿಯುತ್ತದೆ. ನಿಧಾನವಾಗಿ ಒಣಗುವುದರಿಂದ ತಾನಾಗಿಯೇ ಸಮತಟ್ಟಾಗಿ ಹರಡಿಕೊಳ್ಳುವುದು ಇದರ ಗುಣ. ಅಷ್ಟು ಹೊತ್ತು ಧೂಳಿಗೆ ತೆರೆದಿರುವುದು ಇದರ ಕೊರತೆ.

ಅಕ್ರಿಲಿಕ್: ನೀರು ಅಥವಾ ಆಲ್ಕೋಹಾಲ್‌ನಿಂದ ತೆಳುಗೊಳಿಸಬಹುದಾದ ಬಣ್ಣ. ವಾಸನೆ ಕಡಿಮೆ, ಉಪಕರಣಗಳನ್ನು ತೊಳೆಯುವುದು ಸುಲಭ. ಒಳಾಂಗಣ, ಎಂಜಿನ್ ಮುಂತಾದ ಭಾಗಗಳಿಗೆ ಹೆಚ್ಚು ಅನುಕೂಲ.

ಒಂದರ ಮೇಲೊಂದು ಬೇರೆ ವಿಧದ ಬಣ್ಣ ಹಚ್ಚುವಾಗ ಮೇಲಿನ ಪದರದ ದ್ರಾವಕವು ಕೆಳಗಿನದಕ್ಕಿಂತ ತೀಕ್ಷ್ಣವಾಗಿರಬಾರದು ಎಂಬುದು ಸಾಮಾನ್ಯ ನಿಯಮ. ಲ್ಯಾಕರಿನ ಮೇಲೆ ಎನಾಮಲ್ ಹಚ್ಚಬಹುದು. ಎನಾಮಲಿನ ಮೇಲೆ ಲ್ಯಾಕರ್ ಸಿಂಪಡಿಸಿದರೆ ಕೆಳಗಿನ ಪದರ ಉಬ್ಬಿ ಸುಕ್ಕುಗಟ್ಟುವ ಸಂಭವವಿದೆ.

ಸಿಂಪಡಣೆಯ ಸಾಧನಗಳು

ಬಣ್ಣ ಸಿಂಪಡಿಸಲು ಒತ್ತಡದ ಸ್ಪ್ರೇ ಡಬ್ಬಿ ಮತ್ತು ಏರ್‌ಬ್ರಶ್ ಎಂಬ ಎರಡು ಸಾಧನಗಳು ಬಳಕೆಯಲ್ಲಿವೆ. ನಾರ್ವೆಯ ಎರಿಕ್ ರೋಥೈಮ್ 1920ರ ದಶಕದಲ್ಲಿ ಏರೋಸಾಲ್ ಡಬ್ಬಿಯನ್ನು ರೂಪಿಸಿದರು. ಅದರಲ್ಲಿ ಬಣ್ಣ ತುಂಬಿ ಬಳಸುವ ವಿಧಾನವನ್ನು 1949ರಲ್ಲಿ ಅಮೆರಿಕದ ಎಡ್ ಸೇಮೋರ್ ಬಳಕೆಗೆ ತಂದರು. ಸ್ಪ್ರೇ ಡಬ್ಬಿಗೆ ಬೇರೆ ಯಂತ್ರ ಬೇಕಿಲ್ಲ. ಒಂದೇ ಬಣ್ಣದ ಹೊರಮೈಗೆ ಅದು ಉತ್ತಮ ಫಲಿತಾಂಶ ನೀಡುತ್ತದೆ. ಆದರೆ ಬಣ್ಣದ ಪ್ರಮಾಣವನ್ನಾಗಲೀ ಒತ್ತಡವನ್ನಾಗಲೀ ಬಳಕೆದಾರರು ನಿಯಂತ್ರಿಸಲಾಗದು.

ಏರ್‌ಬ್ರಶ್ ಪೆನ್ನಿನ ಆಕಾರದ ಸಾಧನ. ಅಮೆರಿಕದ ಅಬ್ನರ್ ಪೀಲರ್ 1879ರಲ್ಲಿ ಇದರ ಆರಂಭಿಕ ರೂಪವೊಂದನ್ನು ತಯಾರಿಸಿದರು. ಗಾಳಿ ಮತ್ತು ಬಣ್ಣ ಸಾಧನದ ತುದಿಯೊಳಗೇ ಬೆರೆಯುವ ಇಂದಿನ ಮಾದರಿಯು 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಅವರಿಂದ ರೂಪುಗೊಂಡಿತು. ಕಂಪ್ರೆಸರಿನಿಂದ ಬರುವ ಗಾಳಿಯು ಸಣ್ಣ ತೂತಿನ ಬಳಿ ವೇಗವಾಗಿ ಹರಿಯುವಾಗ ಅಲ್ಲಿ ಒತ್ತಡ ಕುಸಿದು, ಬಣ್ಣ ಹೊರಕ್ಕೆ ಸೆಳೆಯಲ್ಪಟ್ಟು ಸೂಕ್ಷ್ಮ ಹನಿಗಳಾಗಿ ಒಡೆಯುತ್ತದೆ. ಮಾದರಿಗಳಿಗೆ ಸಾಮಾನ್ಯವಾಗಿ 0.2ರಿಂದ 0.5 ಮಿ.ಮೀ. ತೂತಿನ ಏರ್‌ಬ್ರಶ್ಶನ್ನು ಚದರ ಇಂಚಿಗೆ 15ರಿಂದ 20 ಪೌಂಡ್ ಒತ್ತಡದಲ್ಲಿ ಬಳಸಲಾಗುತ್ತದೆ. ದ್ವಿಕ್ರಿಯೆಯ ಏರ್‌ಬ್ರಶ್ಶಿನಲ್ಲಿ ಗುಂಡಿಯನ್ನು ಕೆಳಗೆ ಒತ್ತಿದರೆ ಗಾಳಿಯೂ, ಹಿಂದಕ್ಕೆ ಎಳೆದರೆ ಬಣ್ಣವೂ ಬರುತ್ತವೆ. ಬಣ್ಣವನ್ನು ಹಾಲಿನ ಹದಕ್ಕೆ ತೆಳುಗೊಳಿಸಿಕೊಳ್ಳುವುದು ರೂಢಿ.

ಬಣ್ಣ ಸಿಂಪಡಿಸುವ ಕ್ರಮ

ಪ್ರೈಮರ್: ಬಣ್ಣವು ಪ್ಲಾಸ್ಟಿಕ್ಕನ್ನು ಹಿಡಿದುಕೊಳ್ಳಲು, ತೀಕ್ಷ್ಣ ದ್ರಾವಕಗಳಿಂದ ಪ್ಲಾಸ್ಟಿಕ್ಕನ್ನು ಕಾಪಾಡಲು ಮತ್ತು ಉಳಿದ ಗೀರುಗಳನ್ನು ತೋರಿಸಿಕೊಡಲು ಪ್ರೈಮರ್ ನೆರವಾಗುತ್ತದೆ. ಕಂಡ ದೋಷಗಳನ್ನು ಈ ಹಂತದಲ್ಲಿ ಸರಿಪಡಿಸಿ, ಮತ್ತೊಮ್ಮೆ ಪ್ರೈಮರ್ ಸಿಂಪಡಿಸಲಾಗುತ್ತದೆ. ಪ್ರೈಮರಿನ ಬಣ್ಣವೂ ಮುಖ್ಯ. ಹಳದಿ, ಕೆಂಪು ಬಣ್ಣಗಳು ಹಿನ್ನೆಲೆಯನ್ನು ಪೂರ್ಣವಾಗಿ ಮುಚ್ಚುವುದಿಲ್ಲವಾದ್ದರಿಂದ ಅವುಗಳ ಕೆಳಗೆ ಬಿಳಿ ಅಥವಾ ನಸುಗೆಂಪು ಹಿನ್ನೆಲೆ ಬೇಕು. ಕ್ರೋಮ್‌ನಂತಹ ಲೋಹದ ಹೊಳಪಿಗೆ ಹೊಳೆಯುವ ಕಪ್ಪು ಹಿನ್ನೆಲೆ ಬೇಕು.

ಬಣ್ಣದ ಪದರಗಳು: ಮೊದಲು ಮಂಜು ಕವಿದಂತೆ ತೆಳುವಾದ ಪದರವೊಂದನ್ನು ಸಿಂಪಡಿಸಲಾಗುತ್ತದೆ. ಮುಂದಿನ ಪದರಗಳಿಗೆ ಇದು ಹಿಡಿತ ನೀಡುತ್ತದೆ. ಕೆಲವು ನಿಮಿಷಗಳ ಅಂತರದಲ್ಲಿ ಎರಡು ಮೂರು ಪದರಗಳನ್ನು ಹಚ್ಚಿ, ಕೊನೆಯದನ್ನು ಮೇಲ್ಮೈ ಒದ್ದೆಯಾಗಿ ಹೊಳೆಯುವಷ್ಟು ಹಚ್ಚಲಾಗುತ್ತದೆ. ಸಿಂಪಡಣೆಯನ್ನು ಮಾದರಿಯ ಆಚೆ ಆರಂಭಿಸಿ, ಒಂದೇ ವೇಗದಲ್ಲಿ ಮಾದರಿಯ ಮೇಲೆ ಹಾಯಿಸಿ, ಇನ್ನೊಂದು ತುದಿಯ ಆಚೆ ನಿಲ್ಲಿಸಬೇಕು. ಮಾದರಿಯ ಮೇಲೆಯೇ ಆರಂಭಿಸಿದರೆ ಅಥವಾ ನಿಲ್ಲಿಸಿದರೆ ಅಲ್ಲಿ ಬಣ್ಣ ಮಡುಗಟ್ಟುತ್ತದೆ. ಸ್ಪ್ರೇ ಡಬ್ಬಿಯನ್ನು ಸುಮಾರು 20ರಿಂದ 30 ಸೆಂ.ಮೀ. ದೂರದಲ್ಲಿ ಹಿಡಿಯಲಾಗುತ್ತದೆ, ಏರ್‌ಬ್ರಶ್ಶಿಗೆ ಅದಕ್ಕಿಂತ ಕಡಿಮೆ ದೂರ ಸಾಕು.

ಡಿಕಾಲ್ ಮತ್ತು ಪಾರದರ್ಶಕ ಲೇಪ: ಓಟದ ಕಾರುಗಳ ಸಂಖ್ಯೆ, ಲಾಂಛನ ಮುಂತಾದ ಡಿಕಾಲ್‌ಗಳನ್ನು ಬಣ್ಣ ಒಣಗಿದ ಮೇಲೆ ಅಂಟಿಸಿ, ಅವುಗಳ ಮೇಲೆ ಪಾರದರ್ಶಕ ಲೇಪವನ್ನು ಸಿಂಪಡಿಸಲಾಗುತ್ತದೆ. ಮೊದಲ ಲೇಪ ದಪ್ಪವಾದರೆ ದ್ರಾವಕವು ಡಿಕಾಲ್‌ಗಳನ್ನು ಸುಕ್ಕುಗಟ್ಟಿಸಬಹುದು. ಮೆಟಾಲಿಕ್ ಬಣ್ಣದ ಮೇಲೆ ನೇರವಾಗಿ ಉಜ್ಜಿದರೆ ಲೋಹದ ಚೂರುಗಳು ಕಿತ್ತು ಕಲೆಗಳಾಗುವುದರಿಂದ ಅದಕ್ಕೆ ಪಾರದರ್ಶಕ ಲೇಪ ಅನಿವಾರ್ಯ.

ಹೊಳಪು ನೀಡುವುದು: ಲೇಪವು ಪೂರ್ಣವಾಗಿ ಗಟ್ಟಿಯಾದ ಮೇಲೆ 2000ದಿಂದ ಆರಂಭಿಸಿ, ಹೆಚ್ಚು ಹೆಚ್ಚು ನಯವಾದ ಮರಳು ಕಾಗದ ಅಥವಾ ಬಟ್ಟೆಯಿಂದ ನೀರು ಹಾಕಿ ಉಜ್ಜಲಾಗುತ್ತದೆ. ಕೆಲವು ಹೊಳಪಿನ ಬಟ್ಟೆಗಳ ಸಂಖ್ಯೆ 12,000ದವರೆಗೂ ಇರುತ್ತದೆ. ಬಳಿಕ ಪಾಲಿಶಿಂಗ್ ಕಾಂಪೌಂಡ್ ಮತ್ತು ಮೇಣದಿಂದ ಕೆಲಸ ಮುಗಿಯುತ್ತದೆ. ಅಂಚು ಮತ್ತು ಏಣುಗಳಲ್ಲಿ ಬಣ್ಣ ತೀರ ತೆಳುವಾಗಿರುವುದರಿಂದ ಅಲ್ಲಿ ಉಜ್ಜಿದರೆ ಪ್ರೈಮರ್ ಹೊರಬರುತ್ತದೆ. ಇಂತಹ ಜಾಗಗಳನ್ನು ಟೇಪಿನಿಂದ ಮುಚ್ಚಿಕೊಳ್ಳುವುದುಂಟು.

ಸಾಮಾನ್ಯ ದೋಷಗಳು

ಕಿತ್ತಳೆ ಸಿಪ್ಪೆ: ಮೇಲ್ಮೈ ಕಿತ್ತಳೆಯ ಸಿಪ್ಪೆಯಂತೆ ಉಬ್ಬುತಗ್ಗಾಗುವುದು. ಬಣ್ಣದ ಹನಿಗಳು ಹರಡಿಕೊಳ್ಳುವ ಮೊದಲೇ ಒಣಗುವುದು ಕಾರಣ. ಬಣ್ಣವನ್ನು ಇನ್ನಷ್ಟು ತೆಳುಗೊಳಿಸುವುದು ಅಥವಾ ನಿಧಾನವಾಗಿ ಆರುವ ಥಿನ್ನರ್ ಬಳಸುವುದು ಪರಿಹಾರ.

ಇಳಿಬೀಳುವಿಕೆ: ಒಂದೇ ಕಡೆ ಹೆಚ್ಚು ಬಣ್ಣ ಬಿದ್ದು ಕೆಳಕ್ಕೆ ಹರಿಯುವುದು. ಒದ್ದೆಯಿರುವಾಗ ಮುಟ್ಟದೆ, ಪೂರ್ಣ ಒಣಗಿದ ಮೇಲೆ ಉಜ್ಜಿ ಸಮಗೊಳಿಸಬೇಕು.

ಮೀನುಗಣ್ಣು: ಜಿಡ್ಡು ಅಥವಾ ಸಿಲಿಕೋನ್ ಇರುವ ಜಾಗದಿಂದ ಬಣ್ಣ ಹಿಂದೆ ಸರಿದು ಉಂಟಾಗುವ ದುಂಡನೆಯ ಕುಳಿ. ಸರಿಯಾಗಿ ತೊಳೆಯದಿರುವುದು ಕಾರಣ.

ಬಿಳುಚುವಿಕೆ: ಲ್ಯಾಕರ್ ಬಣ್ಣದ ಮೇಲೆ ಹಾಲಿನಂತಹ ಮಬ್ಬು ಕವಿಯುವುದು. ದ್ರಾವಕ ವೇಗವಾಗಿ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವಾಂಶ ಅದರ ಮೇಲೆ ಸಾಂದ್ರಗೊಳ್ಳುವುದು ಕಾರಣ. ಕರ್ನಾಟಕದ ಕರಾವಳಿಯ ಮಳೆಗಾಲದಂತಹ ತೇವಭರಿತ ಹವೆಯಲ್ಲಿ ಇದು ಸಹಜವಾಗಿ ಎದುರಾಗುವ ತೊಂದರೆ. ಒಣಹವೆಯ ದಿನಕ್ಕಾಗಿ ಕಾಯುವುದು ಅಥವಾ ನಿಧಾನವಾಗಿ ಆರುವ ಥಿನ್ನರ್ ಬಳಸುವುದು ಪರಿಹಾರ.

ಬಿರುಕು: ತೀಕ್ಷ್ಣ ದ್ರಾವಕವು ಪ್ರೈಮರ್ ಇಲ್ಲದ ಪ್ಲಾಸ್ಟಿಕ್ಕನ್ನು ತಿಂದು ಜೇಡರ ಬಲೆಯಂತಹ ಗೆರೆಗಳನ್ನು ಮೂಡಿಸುವುದು.

ಬಣ್ಣ ಜಿನುಗುವಿಕೆ: ಕೆಂಪು ಪ್ಲಾಸ್ಟಿಕ್ಕಿನ ಬಣ್ಣವು ಮೇಲಿನ ಬಿಳಿ ಪದರಕ್ಕೆ ಏರಿ ಅದನ್ನು ನಸುಗೆಂಪಾಗಿಸುವುದು. ನಡುವೆ ಬೆಳ್ಳಿ ಬಣ್ಣದ ಪದರವೊಂದನ್ನು ಹಚ್ಚಿ ತಡೆಯುವುದು ರೂಢಿ.

ಸರಿಪಡಿಸಲಾಗದಷ್ಟು ದೋಷವಿದ್ದರೆ ಬಣ್ಣವನ್ನು ಪೂರ್ಣವಾಗಿ ತೆಗೆದು ಮತ್ತೆ ಆರಂಭಿಸಬಹುದು. ಅಕ್ರಿಲಿಕ್ ಮತ್ತು ಕೆಲವು ಲ್ಯಾಕರ್ ಬಣ್ಣಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ತೆಗೆಯಲಾಗುತ್ತದೆ. ಇದು ಪಾಲಿಸ್ಟೈರೀನನ್ನು ಕರಗಿಸುವುದಿಲ್ಲ.

ಸೂಕ್ಷ್ಮ ವಿವರಗಳು

ಗಾಜಿನ ಸುತ್ತಲಿನ ಲೋಹದ ಪಟ್ಟಿಗಳಿಗೆ ಅಂಟುಳ್ಳ ಅತಿ ತೆಳು ಲೋಹದ ಹಾಳೆಯನ್ನು ಹಾಸಿ, ಹರಿತವಾದ ಬ್ಲೇಡಿನಿಂದ ಅಂಚು ಕತ್ತರಿಸಲಾಗುತ್ತದೆ. ಬಾಗಿಲ ಸಂದುಗಳಿಗೆ ತೆಳುಗೊಳಿಸಿದ ಗಾಢ ಬಣ್ಣವನ್ನು ಹರಿಸಿ ನೆರಳಿನ ಭ್ರಮೆ ಮೂಡಿಸಲಾಗುತ್ತದೆ. ಆಮ್ಲದಿಂದ ಕೊರೆದ ಲೋಹದ ತೆಳು ಭಾಗಗಳಿಂದ ಸೀಟ್ ಬೆಲ್ಟಿನ ಕೊಂಡಿ, ಬ್ರೇಕ್ ಡಿಸ್ಕ್, ಗಾಳಿಜಾಲರಿ ಮುಂತಾದವು ತಯಾರಾಗುತ್ತವೆ. ಹೊಸ ಟಯರಿನ ಹೊಳಪನ್ನು ಮರಳು ಕಾಗದದಿಂದ ಉಜ್ಜಿ ಕಳೆದರೆ ಅದು ರಸ್ತೆಯಲ್ಲಿ ಓಡಿದಂತೆ ಕಾಣುತ್ತದೆ. ಹಳೆಯ ಕಿಟ್‌ಗಳ ವಿನೈಲ್ ಟಯರುಗಳಿಂದ ಹೊರಸೂಸುವ ರಾಸಾಯನಿಕವು ವರ್ಷಗಳು ಕಳೆದಂತೆ ಪಾಲಿಸ್ಟೈರೀನ್ ಚಕ್ರಗಳನ್ನು ಕರಗಿಸುವುದರಿಂದ, ಇವೆರಡನ್ನು ಬೇರೆಬೇರೆಯಾಗಿ ಶೇಖರಿಸಿಡಲು ಸಲಹೆ ನೀಡಲಾಗುತ್ತದೆ.

ಆರೋಗ್ಯ ಮತ್ತು ಸುರಕ್ಷತೆ

ಸಿಂಪಡಣೆಯ ವೇಳೆ ಬಣ್ಣದ ಸೂಕ್ಷ್ಮ ಕಣಗಳು ಮತ್ತು ದ್ರಾವಕದ ಆವಿ ಎರಡೂ ಗಾಳಿಗೆ ಸೇರುತ್ತವೆ. ಬಟ್ಟೆಯ ಅಥವಾ ಧೂಳಿನ ಮುಖಗವಸು ಕಣಗಳನ್ನು ಮಾತ್ರ ಭಾಗಶಃ ತಡೆಯಬಲ್ಲದು, ಆವಿಯನ್ನು ತಡೆಯಲಾರದು. ಟಾಲೀನ್, ಜೈಲೀನ್ ಮುಂತಾದ ದ್ರಾವಕಗಳ ಆವಿಯಿಂದ ತಲೆನೋವು, ತಲೆಸುತ್ತು ಉಂಟಾಗುತ್ತವೆ. ದೀರ್ಘಕಾಲ ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದರೆ ನರಮಂಡಲಕ್ಕೆ ಹಾನಿಯಾಗುತ್ತದೆ. ಸಾವಯವ ಆವಿಯನ್ನು ಹೀರುವ ಸಕ್ರಿಯ ಇದ್ದಿಲಿನ ಶೋಧಕಗಳುಳ್ಳ ಮುಖವಾಡ, ಮತ್ತು ಆವಿಯನ್ನು ಕಿಟಕಿಯಾಚೆ ಹೊರಹಾಕುವ ಫ್ಯಾನ್ ಅಳವಡಿಸಿದ ಸ್ಪ್ರೇ ಬೂತ್ ಅಗತ್ಯ. ಶೋಧಕಗಳ ಶಕ್ತಿ ಬಳಸಿದಂತೆ ಕುಂದುವುದರಿಂದ ಅವನ್ನು ಕಾಲಕಾಲಕ್ಕೆ ಬದಲಿಸಬೇಕು.

ನೈಜ ಕಾರುಗಳ ದುರಸ್ತಿಯಲ್ಲಿ ಬಳಸುವ, ಎರಡು ಘಟಕಗಳನ್ನು ಬೆರೆಸಿ ಸಿದ್ಧಪಡಿಸುವ ಯುರೆಥೇನ್ ಲೇಪಗಳು ಗಾಜಿನಂತಹ ಹೊಳಪು ನೀಡುವುದರಿಂದ ಹವ್ಯಾಸಿಗಳಲ್ಲಿಯೂ ಬಳಕೆಗೆ ಬಂದಿವೆ. ಇವುಗಳ ಗಟ್ಟಿಕಾರಕದಲ್ಲಿರುವ ಐಸೊಸಯನೇಟುಗಳು ಅಸ್ತಮಾ ಉಂಟುಮಾಡಬಲ್ಲವು. ಒಮ್ಮೆ ದೇಹವು ಇವಕ್ಕೆ ಸಂವೇದನಶೀಲವಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ತೀವ್ರ ಉಸಿರಾಟದ ತೊಂದರೆಗೆ ಕಾರಣವಾಗಬಹುದು. ವಾಸನೆಯಿಂದ ಇವುಗಳ ಇರವನ್ನು ನೆಚ್ಚಿ ತಿಳಿಯಲಾಗದು. ವೃತ್ತಿಪರ ಕಾರ್ಯಾಗಾರಗಳಲ್ಲಿ ಶುದ್ಧ ಗಾಳಿಯನ್ನು ಕೊಳವೆಯ ಮೂಲಕ ಒದಗಿಸುವ ಮುಖವಾಡ ಬಳಸಲಾಗುತ್ತದೆ. ಅಂತಹ ವ್ಯವಸ್ಥೆಯಿಲ್ಲದ ಮನೆಯ ಕೋಣೆಗಳಲ್ಲಿ ಇವುಗಳ ಸಿಂಪಡಣೆ ಸೂಕ್ತವಲ್ಲ.

ಸ್ಪ್ರೇ ಡಬ್ಬಿಯ ಬಣ್ಣವೂ ಅದನ್ನು ಹೊರದೂಡುವ ಅನಿಲವೂ ಸಾಮಾನ್ಯವಾಗಿ ಸುಲಭವಾಗಿ ಹೊತ್ತಿಕೊಳ್ಳುವಂಥವು. ಒಲೆ, ದೀಪ, ಊದಿನಕಡ್ಡಿಗಳ ಬಳಿ ಸಿಂಪಡಿಸಬಾರದು. ಡಬ್ಬಿಯನ್ನು ಬೆಚ್ಚಗಾಗಿಸಲು ಉಗುರುಬೆಚ್ಚನೆಯ ನೀರನ್ನು ಮಾತ್ರ ಬಳಸಬೇಕೇ ಹೊರತು ಒಲೆಯ ಮೇಲಾಗಲೀ ಕುದಿಯುವ ನೀರಿನಲ್ಲಾಗಲೀ ಇಡಬಾರದು. ರೆಸಿನ್ ಭಾಗಗಳ ಪುಡಿ ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಅವನ್ನು ನೀರು ಹಾಕಿ ಉಜ್ಜುವುದು ಸುರಕ್ಷಿತ. ಮಕ್ಕಳು ಈ ಹವ್ಯಾಸವನ್ನು ಆರಂಭಿಸುವಾಗ ಒತ್ತಿ ಕೂಡಿಸುವ, ಅಂಟು ಬೇಡದ ಕಿಟ್‌ಗಳು ಮತ್ತು ನೀರಿನಿಂದ ತೆಳುಗೊಳ್ಳುವ ಅಕ್ರಿಲಿಕ್ ಬಣ್ಣಗಳು ಸೂಕ್ತ.

ಸ್ಪರ್ಧೆಗಳು ಮತ್ತು ಉಪಯೋಗ

1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಪ್ಲಾಸ್ಟಿಕ್ ಮಾದರಿಕಾರರ ಸಂಘವು ಹಲವು ದೇಶಗಳಲ್ಲಿ ಶಾಖೆಗಳನ್ನು ಹೊಂದಿದ್ದು, ಪ್ರದರ್ಶನ ಮತ್ತು ಸ್ಪರ್ಧೆಗಳನ್ನು ನಡೆಸುತ್ತದೆ. ಇಂತಹ ಸ್ಪರ್ಧೆಗಳಲ್ಲಿ ವಿವರಗಳ ಸಂಖ್ಯೆಗಿಂತ ಮೊದಲು ಮೂಲಭೂತ ಕೆಲಸದ ಗುಣಮಟ್ಟವನ್ನು ಗಮನಿಸಲಾಗುತ್ತದೆ. ಅಚ್ಚಿನ ಗೆರೆ ಉಳಿದಿದೆಯೇ, ನಾಲ್ಕೂ ಚಕ್ರಗಳು ನೆಲಕ್ಕೆ ತಾಗುತ್ತವೆಯೇ, ಬಣ್ಣ ಎಲ್ಲೆಡೆ ಸಮನಾಗಿದೆಯೇ ಎಂಬುವು ಪರಿಶೀಲನೆಯ ಮುಖ್ಯ ಅಂಶಗಳು.

ವಾಹನ ವಿನ್ಯಾಸಕರು ಹೊಸ ಕಾರಿನ ಆಕಾರವನ್ನು ಪರೀಕ್ಷಿಸಲು ಜೇಡಿಮಣ್ಣಿನ ಸ್ಕೇಲ್ ಮಾದರಿಗಳನ್ನು ಬಳಸುತ್ತಾರೆ. ಗಾಳಿ ಸುರಂಗದ ಪರೀಕ್ಷೆಗಳಲ್ಲಿಯೂ ಕುಗ್ಗಿಸಿದ ಮಾದರಿಗಳಿಗೆ ಸ್ಥಾನವಿದೆ. ಹವ್ಯಾಸಿಯ ಮಾದರಿಗೆ ಅಂತಹ ಉದ್ದೇಶವಿಲ್ಲದಿದ್ದರೂ ಅನುಪಾತದ ಗಣಿತ, ದ್ರಾವಕಗಳ ರಸಾಯನಶಾಸ್ತ್ರ, ಬೆಳಕಿನ ಪ್ರತಿಫಲನ ಮತ್ತು ಕಾರಿನ ಯಾಂತ್ರಿಕ ರಚನೆ ಇವೆಲ್ಲವೂ ಅದರಲ್ಲಿ ಒಂದೆಡೆ ಸೇರುತ್ತವೆ. ಉತ್ಪಾದನೆ ನಿಂತುಹೋದ ಮತ್ತು ರಸ್ತೆಗಳಿಂದ ಮರೆಯಾದ ಅನೇಕ ಕಾರುಗಳ ಆಕಾರ, ಬಣ್ಣ ಮತ್ತು ಒಳರಚನೆಗಳು ಇಂತಹ ಮಾದರಿಗಳ ಮೂಲಕವೂ ಉಳಿದುಬಂದಿವೆ.